ಹತ್ತಿ ಗಾಡಿಯ ದಾರಿ, ಈಗ ಹೆದ್ದಾರಿ 52

ಇವತ್ತಿನ ಎಪಿಸೋಡು ಒಂದು ರಸ್ತೆಯ ಬಗ್ಗೆ. ಫೋನಿನಾಗ ಮ್ಯಾಪ್ ತೆಗೆದು ರಾಷ್ಟ್ರೀಯ ಹೆದ್ದಾರಿ 52 ಹುಡುಕಿ. ಪಂಜಾಬಿನ ಸಂಗ್ರೂರಿನಿಂದ ಹೊರಟು, ಐದು ರಾಜ್ಯ ದಾಟಿ ವಿಜಯಪುರದ ಕಡೆಯಿಂದ ಕರ್ನಾಟಕಕ್ಕೆ ಬರ್ತದ. ಆಮೇಲೆ ನರಗುಂದ, ನವಲಗುಂದ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ. ಅರಬೈಲ್ ಘಾಟ್ ಇಳಿದರೆ ಅಂಕೋಲಾ, ಅಲ್ಲಿಗೆ ಮುಗೀತು.

2010ರಲ್ಲಿ ನಂಬರ್ ಬದಲಾಗೋ ತನಕ ಇದು ಎರಡು ಹೆದ್ದಾರಿ. ವಿಜಯಪುರದಿಂದ ಹುಬ್ಬಳ್ಳಿಗೆ 218, ಹುಬ್ಬಳ್ಳಿಯಿಂದ ಅಂಕೋಲಾಕ್ಕೆ 63. ಅದೇ 63 ಆ ಕಡೆ ಅಣ್ಣಿಗೇರಿ, ಗದಗ ಮೇಲೆ ಆಂಧ್ರದ ಗುತ್ತಿವರೆಗೂ ಹೋಗ್ತಿತ್ತು. ಅಣ್ಣಿಗೇರಿ ಭಾಗಕ್ಕೆ ಈಗ 67 ಅಂತ ಹೆಸರು.

ನಂಬರ್ ಹೊಸದು, ದಿಕ್ಕು ಮಾತ್ರ ಹಳೇದು. ಈ ಕಡೆ ಎರೆ ಹೊಲ, ಆ ಕಡೆ ಬಂದರು. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಸೇರಿ, ಹಡಗು ಹತ್ತಿ ಮುಂಬೈಗೆ ಹೋಗ್ತಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಿತು. ಸಪ್ಲೈ ಕಡಿಮೆ, ರೇಟ್ ಜಾಸ್ತಿ. ಬಿಕಾಂ ಮೊದಲ ಪಾಠ. ಮ್ಯಾಂಚೆಸ್ಟರ್ ಗಿರಣಿಗಳ ಕಣ್ಣು ನಮ್ಮ ಎರೆ ಭೂಮಿ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ರು. ಕಾರವಾರ ಬಂದರು, ಘಾಟಿನ ರಸ್ತೆ ಎರಡಕ್ಕೂ ಬೆಲೆ ಬಂತು. 1880ರ ದಶಕದಲ್ಲಿ ರೈಲು ಬಂದಮೇಲೆ ಸರಕು ಗೋವಾದ ಮುರ್ಮಗಾಂವ್ ಕಡೆ ತಿರುಗಿತು.

ಅಂದ್ರ, ದಾರಿ ಮಾಡಿದ್ದು ಬೆಳೆ ಹೊರಗ ಹೋಗಲಿ ಅಂತ. ಬೆಳೆದವರ ಮಾತು ಹೊರಗ ಹೋಗಾಕ ನೂರು ವರ್ಷಕ್ಕಿಂತ ಹೆಚ್ಚು ಬೇಕಾಯ್ತು.

1980ರ ಜುಲೈ 21. ಮಲಪ್ರಭಾ ಕಾಲುವೆ ನೀರು ಹೊಲಕ್ಕೆ ಸರಿಯಾಗಿ ಮುಟ್ಟಿರಲಿಲ್ಲ, ಕರ ಕಟ್ಟಿ ಅನ್ನೋ ನೋಟಿಸು ಮಾತ್ರ ಮುಟ್ಟಿತ್ತು. ಇದೇ ರಸ್ತೆಯ ಎರಡು ಊರಲ್ಲಿ ರೈತರು ಬೀದಿಗಿಳಿದ್ರು. ಪೊಲೀಸ್ ಗುಂಡಿಗೆ ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಬಲಿಯಾದ್ರು. ನರಗುಂದದಲ್ಲಿ ಪೊಲೀಸರೂ ಸತ್ತರು. ಬೆಂಕಿ ರಾಜ್ಯಕ್ಕೆಲ್ಲ ಹಬ್ಬಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಬಿತ್ತು.

2015ರಿಂದ ಮಹದಾಯಿ ಹೋರಾಟದಲ್ಲೂ ಜನ ಕೂತಿದ್ದು ಇದೇ ದಾರಿಯ ಊರುಗಳಲ್ಲಿ. ಕೇಳಿದ್ದು ಮತ್ತ ನೀರನ್ನೇ. ನಮ್ಮ ಪಠ್ಯಪುಸ್ತಕದ ಇತಿಹಾಸದಲ್ಲಿ ರಸ್ತೆ ಅಂದ್ರೆ ರಾಜರು ಹಾಕಿಸಿದ್ದು. ಯಾರು ನಡೆದ್ರು, ಯಾರು ಅಡ್ಡ ನಿಂತ್ರು ಅನ್ನೋದೂ ಇತಿಹಾಸಾನ ರೀ. ಬಸ್ಸಿನಾಗ ನವಲಗುಂದ ದಾಟುವಾಗ ಒಮ್ಮೆ ಇಯರ್‌ಫೋನ್ ತೆಗೆದು ಪಕ್ಕದ ಹಿರಿಯರನ್ನ ಎಂಬತ್ತರ ಗಲಾಟೆ ಬಗ್ಗೆ ಕೇಳಿ.

ಮುಂದಿನ ವಾರ ಅಣ್ಣಿಗೇರಿ ದಾರಿ ಹಿಡಿಯೋಣ. ಬರ್ತೀನ್ರಿ.