ಹರಾಜಾದ ಮನೆಯ ಕಸ ಯಾರು ತೆಗೀಬೇಕು?

ಬ್ಯಾಂಕೊಂದು ಸೀಲ್ ಮಾಡಿದ್ದ ಮನೆಯನ್ನು ಹೋದ ಮಳೆಗಾಲ ನವಲಗುಂದ ಕಡೆಯ ಹಳ್ಳಿಯೊಂದರಲ್ಲಿ ನೋಡಿದೆ. ಮಣ್ಣಿನ ಮಾಳಿಗೆ. ಎರಡು ವರ್ಷ ಅದರ ಮೇಲೆ ಯಾರೂ ಮಣ್ಣು ಹಾಕಿಸಿರಲಿಲ್ಲ, ಒಂದು ಮೂಲೆ ಕುಸಿದಿತ್ತು. ಒಳಗೆ ಹಂಡೆ, ಹಾಸಿಗೆ, ಜಗಲಿ ಮೇಲೆ ದೇವರ ಫೋಟೋ. ಹಿತ್ತಲ ತುಂಬ ಜಾಲಿ. ಹರಾಜಿನಲ್ಲಿ ಹಿಡಿದವರು ಕೇಳಿದ್ದು ಇಷ್ಟೇ: ‘ಇದನ್ನೆಲ್ಲಾ ಯಾರು ಸ್ವಚ್ಛ ಮಾಡಬೇಕ್ರಿ?’

2002ರ ಸರ್ಫೇಸಿ ಕಾಯ್ದೆಯಲ್ಲಿ ‘ಸ್ವಚ್ಛತೆ’ಗೆಂದೇ ಕಲಮು ಇಲ್ಲ. ಕೃಷಿ ಜಮೀನು ಈ ಕಾಯ್ದೆಯ ಹೊರಗಿದೆ, ಹಾಗಾಗಿ ನಮ್ಮ ಕಡೆ ಇದರ ಬಿಸಿ ತಟ್ಟುವುದು ಊರೊಳಗಿನ ಮನೆ, ಅಂಗಡಿಗಳಿಗೆ. 60 ದಿನಗಳ ನೋಟಿಸ್ ಮುಗಿದು ಬ್ಯಾಂಕ್ ಮನೆಯನ್ನು ವಶಕ್ಕೆ ಪಡೆದರೆ, ಅದೇ ವರ್ಷದ ನಿಯಮಾವಳಿಯ 8ನೇ ನಿಯಮ ಒಂದು ಹೊಣೆ ಹೊರಿಸುತ್ತದೆ: ವಿವೇಕವುಳ್ಳ ಮಾಲೀಕ ತನ್ನ ಆಸ್ತಿ ನೋಡಿಕೊಳ್ಳುವಷ್ಟೇ ಜೋಪಾನವಾಗಿ ಅದನ್ನು ನೋಡಿಕೊಳ್ಳಬೇಕು. ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸುವುದು ಈ ಜೋಪಾನಕ್ಕೆ ಸೇರುತ್ತದೆ ಅಂತಲೇ ನನ್ನ ವಾದ. ಗೋಡೆಗೆ ನೋಟಿಸ್ ಅಂಟಿಸಿದ್ದಷ್ಟೇ ಆಗಿ, ಮನೆಯವರು ಒಳಗೇ ಇದ್ದರೆ ಮಾತು ಬೇರೆ. ಆಗ ಜೋಪಾನವೂ ಕಸಬರಿಗೆಯೂ ಅವರ ಕೈಯಲ್ಲೇ.

ಆದರೆ ಹರಾಜು ಪ್ರಕಟಣೆಯಲ್ಲಿ ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಎಂಬ ಸಾಲು ಇದ್ದೇ ಇರುತ್ತದೆ. ಅದರೊಂದಿಗೆ ಕಸ, ಜಾಲಿ, ಬಿದ್ದ ಗೋಡೆ ಎಲ್ಲವೂ ಕೊಂಡವರ ಪಾಲಿಗೆ. ಕರೆಂಟ್ ಬಾಕಿಯೂ ಹಾಗೇ: ಇಂಥ ಷರತ್ತಿನಲ್ಲಿ ಕೊಂಡವರು ಹಳೇ ಬಾಕಿಯನ್ನೂ ಕಟ್ಟಬೇಕಾಗಬಹುದು ಎಂದು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಹೇಳಿದೆ. ಹೆಸ್ಕಾಂ ಬಿಲ್ ಮೊದಲೇ ವಿಚಾರಿಸಿಕೊಳ್ಳಿ.

ಸಾಮಾನಿನ ಲೆಕ್ಕ ಬೇರೆ. ಅಡವಿಟ್ಟಿದ್ದು ಮನೆ, ಹಂಡೆಯಲ್ಲ. ಅದು ಇನ್ನೂ ಸಾಲಗಾರರದೇ. ಪಂಚನಾಮೆ ಮಾಡಿ, ಪಟ್ಟಿ ಬರೆದು, ಒಯ್ಯಲು ಅವರಿಗೆ ಅವಕಾಶ ಕೊಡುವುದು ಬ್ಯಾಂಕಿನ ಕೆಲಸ. ಕೊಂಡವರು ತಾವೇ ಬೀದಿಗೆ ಎಸೆದರೆ ಜಗಳ ಅವರ ತಲೆಗೇ ಬರುತ್ತದೆ.

ಚೌಕಾಶಿಗೆ ಸಿಗುವ ಸಮಯವೂ ಚಿಕ್ಕದು. ಹರಾಜು ನಿಂತ ದಿನವೋ ಮರು ಕೆಲಸದ ದಿನವೋ 25% ಹಣ, ಉಳಿದದ್ದು 15 ದಿನದೊಳಗೆ. ಹಾಗಾಗಿ ಬಿಡ್ ಹಾಕುವ ಮುಂಚೆಯೇ ಹೋಗಿ ಒಳಗೆ ನೋಡಿ, ಫೋಟೋ ತೆಗೆದು, ಕೀಲಿ ಯಾರ ಹತ್ತಿರ ಇದೆ, ಮನೆ ಖಾಲಿ ಮಾಡಿ ಕೊಡುತ್ತೀರಾ ಅಂತ ಬ್ಯಾಂಕಿನ ಅಧಿಕಾರಿಯನ್ನು ಬರವಣಿಗೆಯಲ್ಲೇ ಕೇಳಿ. ಬಾಯಿಮಾತಿನ ‘ಮಾಡಿಸ್ತೀವ್ರಿ’ ನಂಬಬೇಡಿ.

ನಾನು ನೋಡಿದ ಮನೆಯನ್ನು ಕೊಂಡವರೇ ಸ್ವಚ್ಛ ಮಾಡಿಸಿದರು. ಕುಸಿದ ಮಣ್ಣೇ ಮೂರು ಟ್ರ್ಯಾಕ್ಟರ್ ಆಯ್ತು. ಹಂಡೆ, ಫೋಟೋ ಹಳೇ ಮನೆಯವರಿಗೆ ಮುಟ್ಟಿಸಿ, ಮುಟ್ಟಿದ್ದಕ್ಕೆ ಸಹಿ ತಗೊಂಡರು.