ಅಗ್ಗದ ಫೋನಿನ ಪೂರ್ವೋತ್ತರ

ರೇಡಿಯೋ ಪೆಟ್ಟಿಗೆ ಮನೆಗೆ ಬಂದ ದಿನ ಎಂತಹ ಸಡಗರವಿರುತ್ತಿತ್ತು ಎಂಬುದನ್ನು ನಿಮ್ಮಲ್ಲಿ ಹಿರಿಯರಾದವರು ಮರೆತಿರಲಾರರು. ಛಾವಣಿಯ ಮೇಲೆ ಏರಿಯಲ್ ತಂತಿ ಕಟ್ಟಬೇಕು, ಅಂಚೆ ಕಚೇರಿಗೆ ಹೋಗಿ ಲೈಸೆನ್ಸು ಮಾಡಿಸಬೇಕು, ಧೂಳು ಬೀಳದಂತೆ ಪೆಟ್ಟಿಗೆಗೊಂದು ಕಸೂತಿಯ ಬಟ್ಟೆ ಹೊದಿಸಬೇಕು. ಕೊಳ್ಳುವುದಕ್ಕೆ ಮೊದಲು ಮನೆಯ ಯಜಮಾನರು ನಾಲ್ಕಾರು ಜನರನ್ನು ವಿಚಾರಿಸುತ್ತಿದ್ದರು. ಎಷ್ಟು ಬ್ಯಾಂಡು? ಎಷ್ಟು ವಾಲ್ವು? ಸಿಲೋನ್ ಚೆನ್ನಾಗಿ ಕೇಳಿಸುತ್ತದೆಯೆ? ಕೆಟ್ಟರೆ ರಿಪೇರಿ ಮಾಡುವವರು ಊರಿನಲ್ಲಿ ಉಂಟೆ? ಈ ಕಡೆಯ ಪ್ರಶ್ನೆಯನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ಇಂದು ಅದೇ ಮನೆಗೆ ಹತ್ತು ಸಾವಿರ ರೂಪಾಯಿಯೊಳಗಿನ ಸ್ಮಾರ್ಟ್‌ಫೋನ್ ಬರುವಾಗ ಅಷ್ಟೊಂದು ವಿಚಾರಣೆ ನಡೆಯುವುದಿಲ್ಲ. ಅಂಗಡಿಯಾತ ಪರದೆಯ ಹೊಳಪನ್ನು ತೋರಿಸುತ್ತಾನೆ, ಬೆನ್ನ ಮೇಲಿನ ಕ್ಯಾಮೆರಾಗಳನ್ನು ಎಣಿಸಿ ಹೇಳುತ್ತಾನೆ, ವ್ಯಾಪಾರ ಮುಗಿಯುತ್ತದೆ. ಆದರೆ ಆ ಫೋನು ಅಷ್ಟು ಅಗ್ಗವಾದದ್ದು ಹೇಗೆ, ಅಗ್ಗ ಮಾಡುವಾಗ ತಯಾರಕನು ಎಲ್ಲಿ ಕತ್ತರಿ ಆಡಿಸಿದ ಎಂಬುದಕ್ಕೆ ಒಂದು ಚರಿತ್ರೆಯುಂಟು. ಅದನ್ನು ತಿಳಿದುಕೊಳ್ಳುವುದು ಕೊಳ್ಳುವವರಿಗೂ ಒಳ್ಳೆಯದು.

ಕತ್ತರಿಯ ಕಥೆ ಫೋನಿಗಿಂತ ಹಳೆಯದು. 1954ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ರೀಜೆನ್ಸಿ ಟಿಆರ್-1 ಎಂಬ ಜೇಬಿನ ರೇಡಿಯೋ ಹೊರಟಿತು. ಮಾರುಕಟ್ಟೆಗೆ ಬಂದ ಟ್ರಾನ್ಸಿಸ್ಟರ್ ರೇಡಿಯೋಗಳಲ್ಲಿ ಅದೇ ಮೊದಲನೆಯದು. ಬೆಲೆ 49 ಡಾಲರ್ 95 ಸೆಂಟು. ಆ ಬೆಲೆಗೆ ಕೊಡಬೇಕಾದರೆ ಒಳಗೆ ನಾಲ್ಕಕ್ಕಿಂತ ಹೆಚ್ಚು ಟ್ರಾನ್ಸಿಸ್ಟರುಗಳನ್ನು ಇಡುವಂತಿರಲಿಲ್ಲ. ಪ್ರಯೋಗಶಾಲೆಯ ಮಾದರಿಯಲ್ಲಿ ಇದ್ದ ಹೆಚ್ಚಿನವನ್ನು ಎಂಜಿನಿಯರುಗಳು ಒಂದೊಂದಾಗಿ ಕಿತ್ತರು. ಪರಿಣಾಮವಾಗಿ ಧ್ವನಿ ತೆಳುವಾಯಿತು. ಸ್ವಲ್ಪ ಜೋರು ಮಾಡಿದರೆ ಒಡೆಯುತ್ತಿತ್ತು. ಮನೆಯ ವಾಲ್ವ್ ರೇಡಿಯೋದ ಮುಂದೆ ಅದು ಯಾವ ಲೆಕ್ಕಕ್ಕೂ ಇಲ್ಲ. ಆದರೂ ಜನ ಕೊಂಡರು. ಏಕೆಂದರೆ ವಾಲ್ವ್ ರೇಡಿಯೋವನ್ನು ಜೇಬಿನಲ್ಲಿಟ್ಟುಕೊಂಡು ಹೋಗಲಾಗುವುದಿಲ್ಲ. ಅಗ್ಗದ ವಸ್ತುವನ್ನು ಅಳೆಯುವಾಗ ಈ ಎರಡು ಮಾತುಗಳನ್ನೂ ಒಟ್ಟಿಗೆ ಹೇಳಬೇಕು. ಒಂದನ್ನೇ ಹೇಳಿದರೆ ಅದು ಜಾಹೀರಾತಾಗುತ್ತದೆ, ಇಲ್ಲವೆ ಸಿರಿವಂತರ ಕೊಂಕಾಗುತ್ತದೆ.

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಕಲ್ಕತ್ತೆಯಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಂ ಅವರೊಡನೆ ಮಾತನಾಡಿದರು. ಆ ಕಾಲದಲ್ಲಿ ನಿಮಿಷಕ್ಕೆ 16 ರೂಪಾಯಿಯವರೆಗೆ ದರವಿತ್ತು. ಕರೆದವನೂ ಕೊಡಬೇಕು, ಕರೆಸಿಕೊಂಡವನೂ ಕೊಡಬೇಕು. ಬಂದ ಕರೆಗೆ ಹಣವಿಲ್ಲ ಎಂದಾದದ್ದು 2003ರಲ್ಲಿ. ಅದೇ ವರ್ಷ ನೋಕಿಯಾ 1100 ಬಂದಿತು. ಬೆವರುಗೈಗೆ ಜಾರದ ಮೈ, ಧೂಳು ಒಳಹೋಗದ ಕೀಲಿಮಣೆ, ನೆತ್ತಿಯ ಮೇಲೊಂದು ಟಾರ್ಚು. ವಿದ್ಯುತ್ತು ಕೈಕೊಡುವ ಊರಿನವರ ಕಷ್ಟ ಗೊತ್ತಿದ್ದವರು ಮಾಡಿದ ಯಂತ್ರವೆಂದು ನೋಡಿದೊಡನೆ ತಿಳಿಯುತ್ತಿತ್ತು. ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಅದರಲ್ಲಿ ಕೆಡುವಂಥದು ಕಡಿಮೆ. ಕದಿಯುವಂಥದು ಅದಕ್ಕಿಂತ ಕಡಿಮೆ.

ಆಂಡ್ರಾಯ್ಡ್ ಹುಟ್ಟಿದ್ದೂ 2003ರಲ್ಲಿಯೇ, ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ, ಆಂಡಿ ರೂಬಿನ್ ಮತ್ತು ಸಂಗಡಿಗರ ಸಣ್ಣದೊಂದು ಕಂಪೆನಿಯಾಗಿ. 2005ರಲ್ಲಿ ಗೂಗಲ್ ಅದನ್ನು ಕೊಂಡಿತು. 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನು ಅಮೆರಿಕದ ಅಂಗಡಿಗಳಿಗೆ ಬಂದಿತು. ಇದರ ವಿಶೇಷವೆಂದರೆ ಫೋನನ್ನು ನಡೆಸುವ ಈ ಸಾಫ್ಟ್‌ವೇರನ್ನು ಯಾವ ತಯಾರಕನಾದರೂ ಹಣ ಕೊಡದೆ ತೆಗೆದುಕೊಳ್ಳಬಹುದಾಗಿತ್ತು. ಪುಕ್ಕಟೆ ಎಂದೊಡನೆ ನಮ್ಮ ಹಿರಿಯರು ಹುಬ್ಬೇರಿಸುತ್ತಿದ್ದರು, ಅದು ಸರಿಯೇ. ಗೂಗಲಿನ ಅಂಗಡಿಯೂ ನಕ್ಷೆಯೂ ಬೇಕೆಂದರೆ ಅದರ ಕರಾರಿಗೆ ಸಹಿ ಹಾಕಬೇಕು. ಅದರ ಹುಡುಕುಪೆಟ್ಟಿಗೆಯನ್ನು ಮುಂದೆಯೇ ಇಡಬೇಕಾಗಿತ್ತು. ಹುಡುಕಿದವರಿಗೆ ಗೂಗಲ್ ಜಾಹೀರಾತು ತೋರಿಸಿ ಗಳಿಸುತ್ತದೆ. ಇಂತಹ ಕರಾರುಗಳು ಮಿತಿ ಮೀರಿವೆಯೆಂದು ನಮ್ಮ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಮರುವರ್ಷ ಮೇಲ್ಮನವಿ ಮಂಡಲಿಯೂ ಆ ದಂಡವನ್ನು ಎತ್ತಿಹಿಡಿಯಿತು.

ಸಾಫ್ಟ್‌ವೇರಿನ ಖರ್ಚು ಹೀಗೆ ಹೋಯಿತು. ಯಂತ್ರದ ಖರ್ಚು ಇಳಿಸಿದವರು ಬೇರೆ. ತೈವಾನಿನ ಮೀಡಿಯಾಟೆಕ್ ಎಂಬ ಕಂಪೆನಿಯು ಬರಿಯ ಚಿಪ್ಪನ್ನು ಮಾರದೆ, ಅದರ ಸುತ್ತ ಫೋನನ್ನು ಕಟ್ಟುವ ನಕ್ಷೆಯನ್ನೂ ಬೇಕಾದ ಸಾಫ್ಟ್‌ವೇರನ್ನೂ ಒಟ್ಟಿಗೆ ಕೊಡತೊಡಗಿತು. ಸಿದ್ಧ ಹಿಟ್ಟು ತಂದು ದೋಸೆ ಹುಯ್ದಂತೆ. ಚೀನದ ಶೆನ್‌ಜೆನ್ ನಗರದ ಕಾರ್ಖಾನೆಗಳಲ್ಲಿ ಇಂತಹ ಫೋನುಗಳನ್ನು ಮಾಡಿಸಿ, ತಮ್ಮ ಹೆಸರಿನ ಮುದ್ರೆಯೊತ್ತಿ ಇಲ್ಲಿ ಮಾರುವ ಕಂಪೆನಿಗಳು ಹುಟ್ಟಿಕೊಂಡವು. ಗುರಗಾಂವಿನ ಮೈಕ್ರೋಮ್ಯಾಕ್ಸ್ ಅಂಥದೊಂದು. ಕಾರ್ಬನ್ ಎಂಬುದು ದೆಹಲಿಯದೊಂದು ಮತ್ತು ನಮ್ಮ ಬೆಂಗಳೂರಿನದೊಂದು ಸಂಸ್ಥೆ ಕೂಡಿ ನಡೆಸಿದ ವ್ಯಾಪಾರ. ಸ್ವಂತ ಸಂಶೋಧನೆ ಕಡಿಮೆಯೆಂದು ಇವುಗಳನ್ನು ಹಳಿದವರುಂಟು. ಹಳಿಯುವುದು ಸುಲಭ, ಎರಡು ಸಿಮ್ಮು, ದೊಡ್ಡ ಬ್ಯಾಟರಿ ಇವೆರಡೂ ನಮ್ಮ ಜನರಿಗೆ ಬೇಕೆಂದು ದೊಡ್ಡ ವಿದೇಶಿ ಕಂಪೆನಿಗಳಿಗಿಂತ ಮೊದಲು ಅರಿತವರು ಇವರು ಎಂಬುದನ್ನೂ ಒಪ್ಪಬೇಕು.

ಕನ್ನಡದ ಮಟ್ಟಿಗೆ ಆರಂಭದ ದಿನಗಳು ಕಷ್ಟದವೇ ಆಗಿದ್ದವು. ಆಗಿನ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳ ಸಾಲು ಕಾಣಿಸುತ್ತಿತ್ತು. ಬಹಳ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಚಾಳಿಗೆ ಬಿದ್ದರು. ಆ ಚಾಳಿ ಈಗಲೂ ಬಿಟ್ಟಿಲ್ಲ. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲೆಯಾಳಗಳಿಗೆ ಮೂಲದಲ್ಲಿಯೇ ಸ್ಥಾನ ಸಿಕ್ಕಿತು. ಆದರೆ ಅದು ಹೊಸ ಫೋನು ಕೊಂಡವರಿಗೆ ಮಾತ್ರ. ಹಳೆಯ ಅಗ್ಗದ ಫೋನುಗಳಿಗೆ ಆ ಹೊಸ ಆವೃತ್ತಿಯನ್ನು ಕಳುಹಿಸುವ ತೊಂದರೆಯನ್ನು ಹೆಚ್ಚಿನ ತಯಾರಕರು ತೆಗೆದುಕೊಳ್ಳಲಿಲ್ಲ.

ಈ ಕೊರತೆ ಗೂಗಲಿಗೂ ಗೊತ್ತಿತ್ತು. 2014ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಸುಂದರ್ ಪಿಚೈ ಅವರು ಆಂಡ್ರಾಯ್ಡ್ ಒನ್ ಎಂಬ ಯೋಜನೆಯನ್ನು ಪ್ರಕಟಿಸಿದರು. ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಈ ಮೂರೂ ಕಂಪೆನಿಗಳು ಸುಮಾರು 6,400 ರೂಪಾಯಿಗೆ ಒಂದೊಂದು ಫೋನು ಮಾಡಿದವು. ಒಳಗಿನ ಯಂತ್ರ ಎಲ್ಲಕ್ಕೂ ಹೆಚ್ಚುಕಡಮೆ ಒಂದೇ: ನಾಲ್ಕೂವರೆ ಅಂಗುಲದ ಪರದೆ, ಮೀಡಿಯಾಟೆಕ್ ಚಿಪ್ಪು, 1 ಜಿಬಿ ರ್ಯಾಮ್, 4 ಜಿಬಿ ಸ್ಟೋರೇಜ್. ಸಾಫ್ಟ್‌ವೇರಿನ ಹೊಸ ಆವೃತ್ತಿಗಳನ್ನು ಎರಡು ವರ್ಷದವರೆಗೆ ತಾನೇ ಕಳುಹಿಸುವೆನೆಂದು ಗೂಗಲ್ ಮಾತು ಕೊಟ್ಟಿತು. ಎಲ್ಲಿ ಕತ್ತರಿ ಬಿದ್ದಿತು, ನೋಡಿ. ಆ 4 ಜಿಬಿಯಲ್ಲಿ ಅರ್ಧಕ್ಕೆ ಹತ್ತಿರವನ್ನು ಫೋನೇ ನುಂಗಿಬಿಡುತ್ತಿತ್ತು. ಉಳಿದದ್ದು ನಾಲ್ಕು ಆ್ಯಪುಗಳಿಗೆ ಮತ್ತು ಬಂಧುಬಳಗದವರು ಕಳುಹಿಸುವ ಶುಭೋದಯದ ಚಿತ್ರಗಳಿಗೆ ಸಾಲುತ್ತಿರಲಿಲ್ಲ. ಮದುವೆಯ ಫೋಟೋ ಅಳಿಸಲೊ, ಆ್ಯಪನ್ನು ಅಳಿಸಲೊ ಎಂದು ಕುಳಿತು ಯೋಚಿಸಿದ ದಿನಗಳು ನಿಮಗೂ ನೆನಪಿರಬಹುದು. ಇನ್ನೊಂದು ಕತ್ತರಿ ಕಣ್ಣಿಗೆ ಕಾಣದ್ದು. ಈ ಫೋನುಗಳಲ್ಲಿ 4ಜಿ ಇರಲಿಲ್ಲ. ಆಗ ಅದರ ಅಗತ್ಯವೂ ಇರಲಿಲ್ಲವಾದ್ದರಿಂದ ಯಾರೂ ದೂರಲಿಲ್ಲ.

ಎರಡೇ ವರ್ಷದಲ್ಲಿ ಅಗತ್ಯ ಬಂದೊದಗಿತು. 2016ರ ಸೆಪ್ಟೆಂಬರ್ 5ರಂದು ಜಿಯೋ ಜಾಲ ಪ್ರಾರಂಭವಾಯಿತು. ಮುಂದಿನ ಮಾರ್ಚ್‌ವರೆಗೆ ಎಲ್ಲವೂ ಉಚಿತ. ಅದುವರೆಗೆ ಒಂದು ಜಿಬಿ ಡೇಟಾಕ್ಕೆ 250 ರೂಪಾಯಿಯ ಆಸುಪಾಸು ಕೊಡುತ್ತಿದ್ದವರು ಬೆರಗಾದರು. ಆದರೆ ಅದು ಶುದ್ಧ 4ಜಿ ಜಾಲ. ಹಳೆಯ ಫೋನಿನಲ್ಲಿ ಸಿಮ್ಮು ಹಾಕಿದರೆ ಸುಮ್ಮನೆ ಕುಳಿತಿರುತ್ತಿತ್ತು. 2014ರಲ್ಲಿ ಉಳಿಸಿದ ಹಣವನ್ನು ಜನ 2016ರಲ್ಲಿ ಹೊಸ ಫೋನಿಗೆ ಸುರಿದರು. (ಅದೇ 2016ರ ಫೆಬ್ರವರಿಯಲ್ಲಿ 251 ರೂಪಾಯಿಗೆ ಸ್ಮಾರ್ಟ್‌ಫೋನ್ ಕೊಡುವೆವೆಂದು ಒಂದು ಕಂಪೆನಿ ಸಾರಿತ್ತು. ನಂಬಿ ಹೆಸರು ಬರೆಸಿದವರಿಗೆ ಕೊರತೆಯಿರಲಿಲ್ಲ. ಒಳಗಿನ ಭಾಗಗಳ ಬೆಲೆಯೇ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂದು ಅಂಗಡಿಯ ಹುಡುಗನೂ ಹೇಳಬಲ್ಲವನಾಗಿದ್ದ.)

ಇದೇ ವರ್ಷ ಇನ್ನೊಂದು ಸಂಗತಿ ನಡೆಯಿತು. ಏಪ್ರಿಲ್‌ನಲ್ಲಿ ಯುಪಿಐ ಪ್ರಕಟವಾಯಿತು. ವರ್ಷದ ಕೊನೆಗೆ ಭೀಮ್ ಆ್ಯಪ್ ಬಂದಿತು. ಫೋನು ಅಲ್ಲಿಯವರೆಗೆ ಮಾತಿನ, ಚಿತ್ರದ ಸಾಧನವಾಗಿದ್ದುದು ಮನೆಯ ಹಣದ ಪೆಟ್ಟಿಗೆಯಾಗಿಬಿಟ್ಟಿತು. ತರಕಾರಿ ಗಾಡಿಯಿಂದ ಹಿಡಿದು ಪಿಂಚಣಿಯವರೆಗೆ ಎಲ್ಲವೂ ಅದರ ಮೂಲಕ. ನನ್ನ ಅಭಿಪ್ರಾಯದಲ್ಲಿ ಅಗ್ಗದ ಫೋನಿನ ಪ್ರಶ್ನೆ ಗಂಭೀರವಾದದ್ದು ಇಲ್ಲಿಂದ ಮುಂದೆ. ಕ್ಯಾಮೆರಾ ಮಸುಕಾದರೆ ಫೋಟೋ ಕೆಡುತ್ತದೆ, ಅಷ್ಟೆ. ಹಣದ ಪೆಟ್ಟಿಗೆಯ ಬೀಗ ಸಡಿಲವಾದರೆ?

ಬೀಗ ಸಡಿಲವಾಗುವುದು ಹೇಗೆಂದು 2015ರಲ್ಲಿಯೇ ತಿಳಿದಿತ್ತು. ಆ ವರ್ಷದ ಜುಲೈಯಲ್ಲಿ ಆಂಡ್ರಾಯ್ಡಿನೊಳಗಿನ ಒಂದು ದೋಷ ಬೆಳಕಿಗೆ ಬಂದಿತು. ಅದಕ್ಕೆ ಸ್ಟೇಜ್‌ಫ್ರೈಟ್ ಎಂಬ ಹೆಸರಾಯಿತು. ಕೇವಲ ಒಂದು ಚಿತ್ರಸಂದೇಶವನ್ನು ಕಳುಹಿಸಿ ಪರರ ಫೋನಿನೊಳಕ್ಕೆ ನುಗ್ಗಬಹುದಾಗಿತ್ತು. ಅಂದು ಬಳಕೆಯಲ್ಲಿದ್ದ ಆಂಡ್ರಾಯ್ಡ್ ಫೋನುಗಳಲ್ಲಿ ಬಹುಪಾಲಿಗೆ ಈ ಅಪಾಯವಿತ್ತು. ಮರುತಿಂಗಳಿಂದ ಗೂಗಲ್ ಪ್ರತಿ ತಿಂಗಳೂ ದೋಷಗಳ ಪಟ್ಟಿಯನ್ನೂ ಅವುಗಳ ರಿಪೇರಿಯನ್ನೂ ಪ್ರಕಟಿಸತೊಡಗಿತು. ಆದರೆ ರಿಪೇರಿ ನೇರವಾಗಿ ನಿಮ್ಮ ಕೈಗೆ ಬರುವುದಿಲ್ಲ. ಮೊದಲು ಚಿಪ್ಪಿನ ತಯಾರಕ, ಅನಂತರ ಫೋನಿನ ತಯಾರಕ, ಇಬ್ಬರೂ ಅದನ್ನು ತಮ್ಮ ಯಂತ್ರಕ್ಕೆ ಹೊಂದಿಸಿ ಪರೀಕ್ಷಿಸಬೇಕು. ಅದಕ್ಕೆ ಸಂಬಳದ ಎಂಜಿನಿಯರುಗಳು ಬೇಕು. ಒಂದು ಫೋನಿಗೆ ಅಲ್ಪ ಲಾಭ ಇಟ್ಟುಕೊಂಡು ಮಾರಿದವನಿಗೆ, ಮಾರಿದ ಮೂರನೆಯ ವರ್ಷವೂ ಈ ಖರ್ಚು ಹೊರುವ ಉತ್ಸಾಹ ಎಲ್ಲಿಂದ ಬರಬೇಕು? ಊರಿನಲ್ಲಿ ರಿಪೇರಿ ಮಾಡುವವರು ಉಂಟೆ ಎಂದು ಹಿಂದಿನವರು ಕೇಳುತ್ತಿದ್ದುದು ಇದನ್ನೇ. ಪರದೆ ಒಡೆದರೆ ಬಜಾರಿನಲ್ಲಿ ಹಾಕಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಈ ರಿಪೇರಿ ಮಾತ್ರ ಮಾಡಿದವನಿಂದಲೇ ಬರಬೇಕು.

ಲಾಭ ಕಡಿಮೆ ಎಂದೆನಲ್ಲವೆ? ಅದನ್ನು ತುಂಬಿಕೊಳ್ಳುವ ದಾರಿಯೂ ಉಂಟು. ಚೀನದ ಶಿಯೋಮಿ ಕಂಪೆನಿ 2018ರ ಏಪ್ರಿಲ್‌ನಲ್ಲಿ, ಯಂತ್ರಗಳ ಮಾರಾಟದಿಂದ ಒಟ್ಟಾರೆ ನೂರಕ್ಕೆ 5ಕ್ಕಿಂತ ಹೆಚ್ಚು ನಿವ್ವಳ ಲಾಭ ತೆಗೆದುಕೊಳ್ಳುವುದಿಲ್ಲವೆಂದು ಘೋಷಿಸಿತು. ಕೇಳಲು ಹಿತವಾದ ಮಾತು. ಅದರ ಫೋನುಗಳು ಆ ಬೆಲೆಗೆ ಗಟ್ಟಿಯಾಗಿದ್ದುದೂ ನಿಜವೇ. ಉಳಿದ ಗಳಿಕೆ ಜಾಹೀರಾತು ಮತ್ತಿತರ ಸೇವೆಗಳಿಂದ ಬರಬೇಕು. ಆದ್ದರಿಂದಲೇ ಹಣ ಕೊಟ್ಟು ಕೊಂಡ ಫೋನಿನ ಒಳಕೋಣೆಗಳಲ್ಲಿಯೂ ಜಾಹೀರಾತು ಇಣುಕತೊಡಗಿತು. ಇದು ಒಂದೇ ಕಂಪೆನಿಯ ಪದ್ಧತಿಯಲ್ಲ. ಹೊಸ ಅಗ್ಗದ ಫೋನನ್ನು ತೆರೆದು, ನೀವು ಬೇಡದ ಆ್ಯಪುಗಳು ಎಷ್ಟು ಮೊದಲೇ ಬಂದು ಕುಳಿತಿವೆ ಎಂದು ಒಮ್ಮೆ ಎಣಿಸಿ ನೋಡಿ.

ಇಷ್ಟು ದೂರಿದ ಮೇಲೆ ಇನ್ನೊಂದು ತಕ್ಕಡಿಯನ್ನೂ ತೂಗಬೇಕು. 2020ರಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ರಾಜ್ಯದಲ್ಲಿ ವಿದ್ಯಾಗಮ ಎಂಬ ಕಾರ್ಯಕ್ರಮ ನಡೆಯಿತು. ಅದರಲ್ಲಿ ಮಕ್ಕಳನ್ನು ಗುಂಪು ಮಾಡಿದ್ದು ತರಗತಿ, ಬುದ್ಧಿಗಳನ್ನು ನೋಡಿ ಅಲ್ಲ: ಮನೆಯಲ್ಲಿ ಇಂಟರ್‌ನೆಟ್ ಇರುವ ಸ್ಮಾರ್ಟ್‌ಫೋನ್ ಉಂಟೆ, ಬರಿಯ ಸಾದಾ ಫೋನೆ, ಏನೂ ಇಲ್ಲವೆ ಎಂಬುದನ್ನು ನೋಡಿ. ಅಂದು ಐದಾರು ಸಾವಿರದ ಫೋನು ಒಂದು ಮಗುವನ್ನು ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟಿಸುತ್ತಿತ್ತು. ಅದರ ರ್ಯಾಮ್ ಎಷ್ಟು, ಅಪ್‌ಡೇಟ್ ಎಷ್ಟು ದಿನ ಎಂದು ಆ ತಾಯಿಯನ್ನು ಕೇಳುವುದು ಕ್ರೌರ್ಯವಾದೀತು. ಅದೇ ವರ್ಷದ ಏಪ್ರಿಲ್ 1ರಿಂದ ಫೋನುಗಳ ಮೇಲಿನ ಜಿಎಸ್‌ಟಿಯನ್ನು ನೂರಕ್ಕೆ 12ರಿಂದ 18ಕ್ಕೆ ಏರಿಸಲಾಗಿತ್ತೆಂಬುದನ್ನು ಸುಮ್ಮನೆ ಜ್ಞಾಪಿಸುತ್ತೇನೆ.

ಹಾಗಾದರೆ ಕೊಳ್ಳುವಾಗ ಏನು ಕೇಳಬೇಕು? ಕ್ಯಾಮೆರಾಗಳ ಸಂಖ್ಯೆಯನ್ನು ಬಿಡಿ. ಭದ್ರತೆಯ ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿ. ಅಂಗಡಿಯಾತ ತಬ್ಬಿಬ್ಬಾದರೆ ಕಂಪೆನಿಯ ಲಿಖಿತ ಮಾತನ್ನು ಹುಡುಕಿ. ಪರಿಸ್ಥಿತಿ ಮೊದಲಿನಷ್ಟು ಕೆಟ್ಟದಾಗಿಲ್ಲ. 2024ರಲ್ಲಿ ಹತ್ತು ಸಾವಿರದೊಳಗೆ ಬಂದ ಸ್ಯಾಮ್‌ಸಂಗ್ ಎ06 ಫೋನಿಗೆ ನಾಲ್ಕು ವರ್ಷದ ಭದ್ರತಾ ಅಪ್‌ಡೇಟಿನ ಮಾತು ಸಿಕ್ಕಿತು. ಹತ್ತು ವರ್ಷದ ಹಿಂದೆ ಆ ಬೆಲೆಗೆ ಇದು ಕನಸು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ, ಮಾರಾಟ ನಿಲ್ಲಿಸಿದ ಮೇಲೂ ಐದು ವರ್ಷ ಅಪ್‌ಡೇಟ್ ಕೊಡಬೇಕೆಂದು ಕಾಯಿದೆಯೇ ಆಗಿದೆ. ಎರಡನೆಯದಾಗಿ, ಆ ಮಾದರಿ ಮಾರುಕಟ್ಟೆಗೆ ಬಂದ ದಿನಾಂಕವನ್ನು ಕೇಳಿ. ವರ್ಷಗಳ ಎಣಿಕೆ ಸಾಮಾನ್ಯವಾಗಿ ಆ ದಿನದಿಂದ, ನೀವು ಕೊಂಡ ದಿನದಿಂದಲ್ಲ. ದೀಪಾವಳಿಯ ರಿಯಾಯಿತಿಯಲ್ಲಿ ಸಿಕ್ಕುವ ಎರಡು ವರ್ಷದ ಹಳೆಯ ಮಾದರಿ ಅರ್ಧ ಆಯುಸ್ಸನ್ನು ಗೋದಾಮಿನಲ್ಲೇ ಕಳೆದಿರುತ್ತದೆ.

ಆಯುಸ್ಸು ಮುಗಿದ ಫೋನು ನಿಮ್ಮ ಮನೆಯಲ್ಲಿ ಈಗಾಗಲೇ ಇರಬಹುದು. ಅದರಿಂದ ಬ್ಯಾಂಕಿನ ಆ್ಯಪುಗಳನ್ನು ತೆಗೆದುಹಾಕಿ, ಆದರೆ ಎಸೆಯಬೇಡಿ. ದುಬಾರಿ ಫೋನುಗಳು ಇಯರ್‌ಫೋನ್ ಸಿಕ್ಕಿಸುವ ರಂಧ್ರವನ್ನು ಕಳಚಿಹಾಕಿದವು, ಅದರೊಡನೆ ಎಫ್.ಎಂ. ರೇಡಿಯೋ ಕೂಡ ಹೋಯಿತು. ವಿಪತ್ತಿನ ಸಮಯದಲ್ಲಿ ಇಂಟರ್‌ನೆಟ್ ನಿಂತರೂ ರೇಡಿಯೋ ನಿಲ್ಲದು ಎಂಬ ಕಾರಣದಿಂದ, ಈ ಸೌಲಭ್ಯವನ್ನು ಮುಚ್ಚಬಾರದೆಂದು ಕೇಂದ್ರ ಸರ್ಕಾರವು 2023ರಲ್ಲಿ ತಯಾರಕರಿಗೆ ಸಲಹಾಪತ್ರ ಕಳುಹಿಸಬೇಕಾಯಿತು. ಅಗ್ಗದ ಫೋನುಗಳಲ್ಲಿ ಅನೇಕಕ್ಕೆ ಆ ರಂಧ್ರವೂ ಉಂಟು, ರೇಡಿಯೋವೂ ಉಂಟು. ಇಯರ್‌ಫೋನಿನ ತಂತಿಯೇ ಏರಿಯಲ್ಲಾಗಿ ಕೆಲಸ ಮಾಡುತ್ತದೆ. ತಂತಿಯನ್ನು ಸಿಕ್ಕಿಸಿ, ಸ್ಪೀಕರಿನ ಗುಂಡಿಯೊತ್ತಿ, ಅಡಿಗೆಮನೆಯ ಕಿಟಕಿಯ ಹತ್ತಿರ ಇಡಿ. ಸಿಮ್ಮು ಬೇಡ, ಡೇಟಾ ಬೇಡ, ಲೈಸೆನ್ಸಂತೂ ಬೇಡವೇ ಬೇಡ.