ತಾಲೀಮಿನ ಕಂತುಗಳು: ಡ್ರ್ಯಾಗನ್ ಬಾಲ್ ಮತ್ತು ಬೀದರಿನ ಗರಡಿ

ಜಪಾನಿನ ದೀರ್ಘ ಆನಿಮೆ ಧಾರಾವಾಹಿಗಳಿಗೆ ಮೂಲ ಸಾಮಾನ್ಯವಾಗಿ ಮಂಗಾ, ಅಂದರೆ ಅಲ್ಲಿಯ ಚಿತ್ರಕಥೆ ಪುಸ್ತಕ. ಆ ಮೂಲದಲ್ಲಿ ಇಲ್ಲದೆ ಟಿವಿಯವರೇ ಹೆಣೆದು ಸೇರಿಸಿದ ಕಂತುಗಳನ್ನು ಫಿಲ್ಲರ್ ಎನ್ನುತ್ತಾರೆ. ಹೊಡೆದಾಟದ ಕಥೆಗಳಲ್ಲಿ ಇಂಥ ಎಷ್ಟೋ ಕಂತುಗಳು ತಾಲೀಮಿನವು. ಶತ್ರು ಇನ್ನೂ ದೂರದಲ್ಲಿರುತ್ತಾನೆ, ನಾಯಕ ಗುರುವಿನ ಎದುರು ಒಂದೇ ಕಸರತ್ತನ್ನು ಮತ್ತೆ ಮತ್ತೆ ಮಾಡುತ್ತಿರುತ್ತಾನೆ. 'ಎಳೀಲಾಕತ್ತಾರ' ಎಂದು ಹುಡುಗರು ಚಾನೆಲ್ ಬದಲಿಸುವುದು ಇಲ್ಲೇ. ಈ ಕಂತುಗಳಿಗೆ ಇನ್ನೂ ನ್ಯಾಯ ಸಿಕ್ಕಿಲ್ಲ ಎಂದು ನನಗೆ ಅನಿಸುತ್ತದೆ. ತಾಲೀಮನ್ನು ಓಣಿಯ ಹೆಸರಾಗಿಯೇ ಉಳಿಸಿಕೊಂಡ ಬೀದರಿನಲ್ಲಿ ನಿಂತು ನೋಡಿದರೆ ಅವುಗಳ ಬೆಲೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಏಕೆ ಎಳೆಯುತ್ತಾರೆ?

ಕಾರಣ ಸರಳ ಲೆಕ್ಕದ್ದು. ಅಕಿರಾ ತೊರಿಯಾಮಾ ಅವರ 'ಡ್ರ್ಯಾಗನ್ ಬಾಲ್' 1984ರಿಂದ 1995ರವರೆಗೆ 'ವೀಕ್ಲಿ ಶೋನೆನ್ ಜಂಪ್' ವಾರಪತ್ರಿಕೆಯಲ್ಲಿ ಬಂದು 519 ಅಧ್ಯಾಯಗಳಿಗೆ ಮುಗಿಯಿತು. ತೋಯಿ ಆನಿಮೇಷನ್ ಅದನ್ನು 1986ರಲ್ಲಿ ಫುಜಿ ಟಿವಿಗೆ ತಂದಾಗ ಮಂಗಾ ಇನ್ನೂ ನಡೆಯುತ್ತಲೇ ಇತ್ತು. ಪತ್ರಿಕೆಯಲ್ಲಿ ವಾರಕ್ಕೆ ಬರುವುದು ಹದಿನೈದರ ಆಸುಪಾಸಿನ ಪುಟ. ಟಿವಿಗೆ ವಾರಕ್ಕೆ ಬೇಕಾದದ್ದು ಇಪ್ಪತ್ತು ನಿಮಿಷಕ್ಕೂ ಮಿಕ್ಕ ಕಥೆ. ಹದಿನೈದು ಪುಟಗಳಲ್ಲಿ ಅಷ್ಟು ಕಥೆ ಇರುವುದಿಲ್ಲ. ಹಾಗೇ ಬಿಟ್ಟರೆ ಟಿವಿ ಮಂಗಾವನ್ನು ಹಿಂದಿಕ್ಕಿ ಹೋಗುತ್ತದೆ.

ತಪ್ಪಿಸಿಕೊಳ್ಳಲು ಕೆಲವೇ ದಾರಿಗಳಿದ್ದವು. ಒಂದೇ ಏಟನ್ನು ಐದು ಕೋನದಿಂದ ತೋರಿಸುವುದು, ಹಿಂದಿನ ವಾರದ ಕಥೆಯನ್ನು ಮತ್ತೆ ಹೇಳುವುದು, ಇಲ್ಲವೇ ಹೊಸದೇನನ್ನಾದರೂ ಹೆಣೆಯುವುದು. ಹೀಗೆ ಮೊದಲ ಡ್ರ್ಯಾಗನ್ ಬಾಲ್ 153 ಕಂತು, ಅದರ ಮುಂದುವರಿಕೆ 'ಡ್ರ್ಯಾಗನ್ ಬಾಲ್ ಝಡ್' 291 ಕಂತು ಆಯಿತು. 2002ರಲ್ಲಿ ಶುರುವಾಗಿ 2007ರಲ್ಲಿ ಮುಗಿದ ಇನ್ನೊಂದು ಧಾರಾವಾಹಿ 'ನರುಟೊ'ದ 220 ಕಂತುಗಳಲ್ಲಿ 136ನೆಯದರಿಂದ ಮುಂದೆ ಬಹುತೇಕ ಎಲ್ಲವೂ ಫಿಲ್ಲರ್. ಈಗ ಹೆಚ್ಚಿನ ಸ್ಟುಡಿಯೋಗಳು ಹನ್ನೆರಡೋ ಇಪ್ಪತ್ನಾಲ್ಕೋ ಕಂತು ಮಾಡಿ ಬಿಡುವು ತೆಗೆದುಕೊಳ್ಳುತ್ತವೆ. ಹಾಗಾಗಿ ಹಳೆಯ ಕಾಲದ ಫಿಲ್ಲರ್ ಕಡಿಮೆಯಾಗುತ್ತಿದೆ.

ಫಿಲ್ಲರಿನ ಕಟ್ಟುಪಾಡು, ಮಂಗಾ ಬಿಟ್ಟ ತೆರಪು

ಫಿಲ್ಲರಿಗೆ ಒಂದು ಕಠಿಣ ನಿಯಮವಿದೆ: ಕಂತು ಮುಗಿಯುವ ಹೊತ್ತಿಗೆ ಎಲ್ಲವೂ ಮೊದಲಿದ್ದಂತೆಯೇ ಇರಬೇಕು. ಹೊಸ ಶತ್ರು ಬಂದರೆ ಸೋತು ಹೋಗಬೇಕು, ಹೊಸ ಗೆಳೆಯ ಸಿಕ್ಕರೆ ಮರೆಯಾಗಬೇಕು, ಹೊಸ ಪಟ್ಟು ಕಲಿತರೆ ಅದನ್ನು ಮತ್ತೆ ಯಾರೂ ಬಳಸಬಾರದು. ಮೂಲ ಲೇಖಕನ ಮುಂದಿನ ಅಧ್ಯಾಯಕ್ಕೆ ಇದ್ಯಾವುದೂ ಗೊತ್ತಿರುವುದಿಲ್ಲವಲ್ಲ. ಡ್ರ್ಯಾಗನ್ ಬಾಲ್ ಝಡ್‌ನಲ್ಲಿ ಗಾರ್ಲಿಕ್ ಜೂನಿಯರ್ ಎಂಬ ಖಳ ಹತ್ತು ಕಂತುಗಳ ಕಾಲ ಭೂಮಿಯನ್ನು ಗಡಗಡ ನಡುಗಿಸುತ್ತಾನೆ. ಆಮೇಲೆ ಕಥೆಯಲ್ಲಿ ಅವನ ನೆನಪು ಉಳಿಯುವುದಿಲ್ಲ. ನೋಡುವವರಿಗೆ ಬೇಸರವಾಗುವುದು ಇದರಿಂದಲೇ. ಎಷ್ಟು ಕಷ್ಟಪಟ್ಟರೂ ಅದು ಲೆಕ್ಕಕ್ಕೆ ಬಾರದು.

ತಾಲೀಮಿನ ಫಿಲ್ಲರಿಗೆ ಮಾತ್ರ ಈ ಶಾಪ ತಟ್ಟುವುದಿಲ್ಲ. ತೊರಿಯಾಮಾ ತಮ್ಮ ಕಥೆಯಲ್ಲಿ ದೊಡ್ಡ ತೆರಪುಗಳನ್ನು ಬಿಟ್ಟಿದ್ದರು. ಪಿಕೊಲೊ ದೈತ್ಯನನ್ನು ಸೋಲಿಸಿದ ಕಥಾನಾಯಕ ಗೋಕು ಕಾಮಿ ಎಂಬ ದೇವರ ಬಳಿ ಮೂರು ವರ್ಷ ಕಲಿಯುತ್ತಾನೆ. ಮಂಗಾ ಆ ಮೂರು ವರ್ಷವನ್ನು ಹಾರಿ ನೇರ ಮುಂದಿನ ಪಂದ್ಯಾವಳಿಗೆ ಹೋಗುತ್ತದೆ. ಗೋಕುವಿನ ನಾಲ್ಕು ವರ್ಷದ ಮಗ ಗೋಹಾನ್‌ನನ್ನು ಆ ದೈತ್ಯನ ಮಗ, ಅದೇ ಹೆಸರಿನ ಪಿಕೊಲೊ, ಕಾಡಿನಲ್ಲಿ ಒಂಟಿಯಾಗಿ ಬಿಟ್ಟು ಆರು ತಿಂಗಳು ಬದುಕಿಕೋ ಎನ್ನುತ್ತಾನೆ. ಮಂಗಾದಲ್ಲಿ ಅದಕ್ಕೆ ಸಿಕ್ಕಿದ್ದು ಕೆಲವೇ ಪುಟ. ಈ ತೆರಪುಗಳನ್ನು ಟಿವಿಯವರು ತುಂಬಿದರು. ಕಾಮಿಯ ಸೇವಕ ಪೊಪೊ ಗೋಕುವಿಗೆ ಮನಸ್ಸನ್ನು ನಿಶ್ಚಲವಾಗಿಡಲು ಕಲಿಸುವುದು, ಗೋಹಾನ್‌ಗೆ ಗುಹೆಯಲ್ಲಿ ಹಳೆಯ ರೋಬೋ ಸಿಗುವುದು, ಅನಾಥ ಮಕ್ಕಳ ಜೊತೆ ಅವನು ಕೆಲಕಾಲ ಕಳೆಯುವುದು, ಇವೆಲ್ಲ ಹಾಗೆ ಬಂದವು. ಫಲಿತಾಂಶ ಮೊದಲೇ ನಿಶ್ಚಿತ: ಆರು ತಿಂಗಳ ಕೊನೆಯಲ್ಲಿ ಗೋಹಾನ್ ಗಟ್ಟಿಯಾಗಿ ಬರಲೇಬೇಕು. ಹಾಗಾಗಿ ಕಾಡಿನಲ್ಲಿ ಅವನು ಪಟ್ಟ ಪಾಡು ವ್ಯರ್ಥವಾಗದೆ, ಮಂಗಾ ಹೇಳದೆ ಬಿಟ್ಟ ಕಾಲದ ಲೆಕ್ಕಕ್ಕೆ ಸೇರುತ್ತದೆ.

ಗೋಕು ಕಿಂಗ್ ಕಾಯ್ ಎಂಬ ಇನ್ನೊಬ್ಬ ಗುರುವಿನ ಪುಟ್ಟ ಗ್ರಹದಲ್ಲಿ ಕಲಿಯುವ ಪ್ರಸಂಗ ನನಗೆ ಇನ್ನಷ್ಟು ಇಷ್ಟ. ಅಲ್ಲಿ ಮೈ ಹತ್ತು ಪಟ್ಟು ಭಾರವಾಗುತ್ತದೆ. ಬಬಲ್ಸ್ ಎಂಬ ಮಂಗವನ್ನು ಹಿಡಿ ಎಂಬ ಪರೀಕ್ಷೆ ಮಂಗಾದಲ್ಲೇ ಇದೆ. ಆದರೆ ಗ್ರೆಗರಿ ಎಂಬ ಹಾರಾಡುವ ಮಿಡತೆಗೆ ಸುತ್ತಿಗೆಯಿಂದ ಹೊಡೆಯಬೇಕೆಂಬ ಎರಡನೆಯ ಪರೀಕ್ಷೆಯನ್ನು ಟಿವಿಯವರು ಸೇರಿಸಿದರು. ಮೊದಲನೆಯದು ಕಾಲಿಗೆ, ಎರಡನೆಯದು ಭಾರ ಹೊತ್ತ ಕೈಗೆ. ಒಬ್ಬ ಗುರುವಿನ ತಲೆಯಲ್ಲಿ ಸಹಜವಾಗಿಯೇ ಹೊಳೆಯಬಹುದಾದ ಕ್ರಮವಿದು.

ಗೋಕುವಿನ ಮೊದಮೊದಲ ಗುರು ಮಾಸ್ಟರ್ ರೋಶಿಯ ಪಾಠವೂ ಹೀಗೇ, ಅದು ಮೂಲದಲ್ಲೇ ಇದೆ. ಗೋಕು, ಅವನ ಗೆಳೆಯ ಕ್ರಿಲಿನ್ ಇಬ್ಬರೂ ಹಾಲಿನ ಬಾಟಲಿ ಹಿಡಿದು ಬೆಟ್ಟಗುಡ್ಡ ಓಡಿ ಮನೆಮನೆಗೆ ಹಂಚಬೇಕು, ಬರಿಗೈಯಲ್ಲಿ ಹೊಲ ಉಳಬೇಕು, ಬೆನ್ನಿಗೆ 20 ಕಿಲೋ ತೂಕದ ಆಮೆಚಿಪ್ಪು ಹೊರಬೇಕು. ಹೊಡೆದಾಟದ ಪಟ್ಟು ಒಂದನ್ನೂ ಅವನು ಕಲಿಸುವುದಿಲ್ಲ. ಚಿಪ್ಪು ಕಳಚಿದ ದಿನ ಹುಡುಗರು ನೆಗೆದರೆ ಆಕಾಶ ಮುಟ್ಟುತ್ತಾರೆ.

ಬೀದರಿನ ನಾಲ್ಕು ತಾಲೀಮು

ಇಂಥ ಪಾಠಕ್ಕೆಂದೇ ಬೀದರಿನಲ್ಲೂ ಮನೆಗಳಿದ್ದವು. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಕೋಟೆಯೊಳಗಿನ ಊರಿನ ನಡುವೆ ಇಂದಿಗೂ ಚೌಬಾರ ನಿಂತಿದೆ. ಸುಮಾರು 22 ಮೀಟರ್ ಎತ್ತರದ ದುಂಡನೆಯ ಕಾವಲು ಗೋಪುರ. ಅದರ ಆಸುಪಾಸಿನ ಓಣಿಗಳ ಹೆಸರು ಕೇಳಿ: ಸಿದ್ದಿಕ್ ಶಾ ತಾಲೀಮ್, ನೂರ್ ಖಾನ್ ತಾಲೀಮ್, ಮನಿಯಾರ್ ತಾಲೀಮ್, ಪನ್ಸಾಲ್ ತಾಲೀಮ್. ಹಳೇ ಊರಿನ ನಾಲ್ಕು ಭಾಗಕ್ಕೆ ನಾಲ್ಕು ವ್ಯಾಯಾಮ ಶಾಲೆಗಳಿದ್ದವು. ಬೀದರಿನ ಸ್ಮಾರಕಗಳ ಬಗ್ಗೆ 1947ರಲ್ಲಿ ಪ್ರಕಟವಾದ ತಮ್ಮ ದೊಡ್ಡ ಗ್ರಂಥದಲ್ಲಿ ಗುಲಾಂ ಯಜ್ದಾನಿ ಅರಮನೆ, ಮಸೀದಿ, ಗುಮ್ಮಟಗಳ ಸಾಲಿನಲ್ಲೇ ಇವನ್ನೂ ಸೇರಿಸಿದ್ದರು. ಬಹಮನಿ ಮಂತ್ರಿ ಮಹಮೂದ್ ಗವಾನನ 1472ರ ಮದರಸಾ ಪುಸ್ತಕದ ವಿದ್ಯೆಗೆ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ತಾಲೀಮುಗಳು ಮೈಯ ವಿದ್ಯೆಗೆ. ಮದರಸಾ ನೋಡಲು ಪ್ರವಾಸಿಗರು ಬರುತ್ತಾರೆ. ತಾಲೀಮುಗಳನ್ನು ನೋಡಲು ಯಾರೂ ಬರುವುದಿಲ್ಲ, ಆದರೆ ಊರಿನವರು ಇಂದಿಗೂ ಮನೆಯ ವಿಳಾಸವನ್ನು ಅವುಗಳ ಹೆಸರಿನಲ್ಲೇ ಹೇಳುತ್ತಾರೆ.

ಮಣ್ಣು, ದಂಡ, ಬಸ್ಕಿ

ಗರಡಿಯ ದಿನಚರಿಯಲ್ಲಿ ಕಥೆಯಾಗುವಂಥದ್ದು ಏನೂ ಇಲ್ಲ. ನಸುಕಿನಲ್ಲಿ ಎದ್ದು ಲಂಗೋಟಿ ಬಿಗಿದು ಮೊದಲು ಸಲಿಕೆಯಿಂದ ಕಣದ ಮಣ್ಣು ಮಗುಚಬೇಕು. ರೋಶಿಯ ಹೊಲ ಉಳುವ ಪಾಠದಂತೆ ಹೊಸಬನಿಗೆ ಮೊದಲ ಕಸರತ್ತೇ ಅದು, ರೆಟ್ಟೆಯೂ ಸೊಂಟವೂ ಅಲ್ಲೇ ಬಲಿಯುತ್ತವೆ. ಆಮೇಲೆ ದಂಡ, ಬಸ್ಕಿ, ಗದೆ ತಿರುವುವುದು, ಹಗ್ಗ ಏರುವುದು. ಕಡೆಗೆ ಉಸ್ತಾದರ ಕಣ್ಣೆದುರು ಜೋಡಿ ಹಿಡಿಯುವುದು. ಒಂದೇ ಪಟ್ಟನ್ನು, ಅದನ್ನು ಬಿಡಿಸಿಕೊಳ್ಳುವ ಒಂದೇ ಉಪಾಯವನ್ನು ತಿಂಗಳುಗಟ್ಟಲೆ ತಿದ್ದುತ್ತಾರೆ. ಮುಗಿದ ಮೇಲೆ ಹಾಲು, ಬಾದಾಮಿ, ತುಪ್ಪದ ಖುರಾಕು. ಬಡವರ ಮನೆಯ ಪೈಲ್ವಾನನಿಗೆ ಕಸರತ್ತಿಗಿಂತ ಈ ಖುರಾಕೇ ಭಾರ. ಎಷ್ಟೋ ಒಳ್ಳೆಯ ಹುಡುಗರು ಅಖಾಡ ಬಿಟ್ಟದ್ದು ಇದೇ ಕಾರಣಕ್ಕೆ.

ಮಣ್ಣಿನದೇ ಒಂದು ಶಾಸ್ತ್ರವಿದೆ. ಜರಡಿ ಹಿಡಿದ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ನಿಂಬೆರಸ, ಅರಿಶಿನ ಬೆರೆಸಿ ಹದ ಮಾಡುತ್ತಾರೆ. ಬೀದರ್ ಊರು ನಿಂತಿರುವುದೇ ಕೆಂಪು ಮುರಕಲ್ಲಿನ ಎತ್ತರದ ಮೇಲೆ. ಭಾಲ್ಕಿ, ಔರಾದ್ ಕಡೆ ಹೋದರೆ ಎರೆಭೂಮಿ. ತೊಗರಿ, ಜೋಳಕ್ಕೆ ಬಂಗಾರದಂಥ ಆ ಕರಿಮಣ್ಣು ಒಣಗಿದರೆ ಬಿರಿಯುತ್ತದೆ, ನೆನೆದರೆ ಅಂಟುತ್ತದೆ. ಕುಸ್ತಿಗೆ ಅದು ಒಗ್ಗದು, ಕಣಕ್ಕೆ ಕೆಮ್ಮಣ್ಣನ್ನೇ ತರಿಸಬೇಕು.

ಭಾಲ್ಕಿ, ಔರಾದ್: ಜಾತ್ರೆಯ ಕಣ

ವರ್ಷದ ತಾಲೀಮಿಗೆ ಫಲ ಕಾಣುವುದು ಜಾತ್ರೆಯಲ್ಲಿ. ಶಿವರಾತ್ರಿಯ ಹೊತ್ತಿಗೆ ಔರಾದಿನ ಅಮರೇಶ್ವರ ಜಾತ್ರೆ, ಚಂಪಾಷಷ್ಠಿಗೆ ಭಾಲ್ಕಿ ಸೀಮೆಯ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆ. ಈ ಕಡೆ ಜಾತ್ರೆ ಎಂದರೆ ಕಡೆಗೊಂದು ಜಂಗಿ ಕುಸ್ತಿ ಇದ್ದರೇ ಜನಕ್ಕೆ ಸಮಾಧಾನ. ಮೊದಲು ಚಿಕ್ಕ ಹುಡುಗರ ತೆಂಗಿನಕಾಯಿ ಕುಸ್ತಿ, ಆಮೇಲೆ ನಗದು ಬಹುಮಾನದವು, ಕೊನೆಗೆ ಬೆಳ್ಳಿ ಕಡಗದ ಜೋಡಿ. ತಕ್ಕಡಿ ಇಲ್ಲದೆ ಹಿರಿಯರು ಕಣ್ಣಳತೆಯಲ್ಲೇ ಜೋಡಿ ಕಟ್ಟುತ್ತಾರೆ. ಹಲವು ಕುಸ್ತಿಗಳು ಹಲಗೆಯ ಬಡಿತ ಏರುವಷ್ಟರಲ್ಲಿ ಮುಗಿದುಹೋಗುತ್ತವೆ, ಅವುಗಳ ಹಿಂದಿನ ತಾಲೀಮು ಮಾತ್ರ ವರ್ಷದ್ದು.

ಮಹಾರಾಷ್ಟ್ರದ ಗಡಿ ಇಲ್ಲಿ ಕುಸ್ತಿಗೆ ಅಡ್ಡ ಬಂದಿಲ್ಲ. ಔರಾದಿಗೆ ದೇಗಲೂರು, ಉದಗೀರ ನೆರೆ, ಭಾಲ್ಕಿಗೆ ನಿಲಂಗಾ. 1970ರ ಎಡಿನ್‌ಬರೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಹರಿಶ್ಚಂದ್ರ ಬಿರಾಜದಾರ್ ಇದೇ ನಿಲಂಗಾ ತಾಲೂಕಿನವರು, ಕೊಲ್ಹಾಪುರದ ತಾಲೀಮಿನಲ್ಲಿ ಮಾಗಿದವರು. ಈ ಸೀಮೆಯ ಹುಡುಗರ ಕಣ್ಣು ಮೈಸೂರು ದಸರಾ ಕುಸ್ತಿಗಿಂತ ಮೊದಲು ಕೊಲ್ಹಾಪುರದ ಕಡೆ ಹೊರಳುವುದರಲ್ಲಿ ಆಶ್ಚರ್ಯವಿಲ್ಲ.

ಹಿಂದಿಯಲ್ಲಿ ಬಂದ ಗೋಕು

ಕಾರ್ಟೂನ್ ನೆಟ್‌ವರ್ಕ್ 2000ರ ದಶಕದ ಆರಂಭದಲ್ಲಿ ಡ್ರ್ಯಾಗನ್ ಬಾಲ್ ಝಡ್ ಅನ್ನು ಹಿಂದಿಯಲ್ಲಿ ತೋರಿಸಿತು, ಈ ಸೀಮೆಯ ಮಕ್ಕಳಿಗೆ ಗೋಕು ಸಿಕ್ಕಿದ್ದು ಹಾಗೆ. ಕನ್ನಡದಲ್ಲಿ ಡಬ್ಬಿಂಗ್‌ಗೆ ಚಿತ್ರರಂಗದ ವಿರೋಧ ದಶಕಗಳಿಂದ ಇತ್ತು. 2009ರಲ್ಲಿ ಮಕ್ಕಳ ಚಾನೆಲ್ ಚಿಂಟು ಟಿವಿ ಬಂದು ಕಾರ್ಟೂನುಗಳು ಕನ್ನಡ ಮಾತಾಡಿದವು, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯ ವಿರುದ್ಧ ಆದೇಶ ಕೊಟ್ಟಿತು. ಕನ್ನಡದ ಜೊತೆಗೆ ದಖನಿ, ಮರಾಠಿ ಕೇಳುತ್ತಲೇ ಬೆಳೆಯುವ ಬೀದರಿನ ಮಕ್ಕಳಿಗೆ ಹಿಂದಿಯ ಗೋಕು ಅಪರಿಚಿತನಾಗಿರಲಿಲ್ಲ. ಆದರೂ ಕಿಂಗ್ ಕಾಯ್ ನಮ್ಮ ಉಸ್ತಾದರ ಗತ್ತಿನಲ್ಲಿ ಕನ್ನಡದಲ್ಲೇ ಗದರಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಯಾವುದನ್ನು ನೋಡಬೇಕು?

2009ರಲ್ಲಿ ತೋಯಿ ಸಂಸ್ಥೆಯೇ 'ಡ್ರ್ಯಾಗನ್ ಬಾಲ್ ಕಾಯ್' ಎಂಬ ಹೆಸರಿನಲ್ಲಿ ಫಿಲ್ಲರ್ ಕತ್ತರಿಸಿದ ಆವೃತ್ತಿ ತಂದಿತು. ಝಡ್‌ನ ಮೊದಲ 194 ಕಂತುಗಳ ಕಥೆ ಅದರಲ್ಲಿ ಅರ್ಧದಷ್ಟು ಕಂತುಗಳಿಗೆ ಇಳಿಯಿತು. ಕಥೆಗೆ ವೇಗ ಬಂತು, ಗಾರ್ಲಿಕ್ ಜೂನಿಯರ್ ಹೋದದ್ದಕ್ಕೆ ಯಾರೂ ಅಳಬೇಕಾಗಿಲ್ಲ. ಆದರೆ ಗೋಹಾನ್‌ನ ಕಾಡಿನ ದಿನಗಳೂ ಕತ್ತರಿಗೆ ಸಿಕ್ಕವು. ಅಳುಬುರುಕ ಮಗು ಒಮ್ಮೆಗೇ ಗಟ್ಟಿಗನಾಗಿ ಬಂದು ನಿಂತಂತೆ ಕಾಣುತ್ತದೆ, ನಡುವಿನ ಆರು ತಿಂಗಳು ಮೈಗೆ ತಟ್ಟುವುದಿಲ್ಲ.

ಮೊದಲ ಸಲ ನೋಡುವವರು ಕಾಯ್ ಹಿಡಿದರೆ ತಪ್ಪಿಲ್ಲ. ಅದರ ಜೊತೆಗೆ ಝಡ್‌ನಿಂದ ಗೋಹಾನ್‌ನ ಕಾಡಿನ ಕಂತುಗಳನ್ನೂ ಕಿಂಗ್ ಕಾಯ್‌ನ ಗ್ರಹದ ಕಂತುಗಳನ್ನೂ, ಮೊದಲ ಡ್ರ್ಯಾಗನ್ ಬಾಲ್‌ನಿಂದ ಪೊಪೊನ ಪಾಠಗಳನ್ನೂ ಹೆಕ್ಕಿ ನೋಡಲಿ. ನರುಟೊದಲ್ಲಿ ನೀರು ತುಂಬಿದ ಬಲೂನು, ರಬ್ಬರ್ ಚೆಂಡು, ಗಾಳಿ ಬಲೂನು ಎಂದು ಮೂರು ಹಂತದಲ್ಲಿ ನಾಯಕ ನರುಟೊ ರಾಸೆಂಗಾನ್ ಎಂಬ ಪಟ್ಟು ಕಲಿಯುವ ಕಂತುಗಳನ್ನು ಬಿಡಬಾರದು. ಅವು ಮೂಲದಲ್ಲೇ ಇರುವಂಥವು. 136ರ ನಂತರದ ಉದ್ದನೆಯ ಸಾಲನ್ನು ನಿಶ್ಚಿಂತೆಯಿಂದ ದಾಟಬಹುದು. ನರುಟೊ ಗುರು ಜಿರಾಯಾನ ಜೊತೆ ತಿರುಗಿ ಕಲಿತ ಎರಡೂವರೆ ವರ್ಷಗಳಿಗೆ ಆ ಸಾಲಿನಲ್ಲಿ ಜಾಗ ಸಿಗಲಿಲ್ಲ. 2007ರಲ್ಲಿ ಮುಂದುವರಿಕೆ 'ಶಿಪ್ಪುಡೆನ್' ಶುರುವಾಗುವಾಗ ಅವನು ಬೆಳೆದು ಊರಿಗೆ ಮರಳಿ ಬಂದಿರುತ್ತಾನೆ.